ದಕ್ಷಿಣ ಕೊರಿಯಾದ ಪ್ರಜಾಪ್ರಭುತ್ವ ಹೋರಾಟದಲ್ಲಿ ವಿದ್ಯಾರ್ಥಿ ಚಳವಳಿ

ದಕ್ಷಿಣ ಕೊರಿಯಾದ ವಿದ್ಯಾರ್ಥಿ ಚಳವಳಿ ಎಂಬುದು 1960ರಿಂದ 1987ರವರೆಗೆ ಆ ದೇಶದ ಸರ್ವಾಧಿಕಾರಿ ಸರ್ಕಾರಗಳ ವಿರುದ್ಧ ಪ್ರೌಢಶಾಲೆ ಮತ್ತು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ನಡೆಸಿದ ಹೋರಾಟಗಳ ಸರಣಿ. 1960ರ ಏಪ್ರಿಲ್‌ನಲ್ಲಿ ಈ ಚಳವಳಿಯು ಸಿಂಗ್ಮನ್ ರೀ ಅವರ ಆಡಳಿತವನ್ನು ಕೊನೆಗಾಣಿಸಿತು. 1987ರ ಜೂನ್‌ನಲ್ಲಿ ಅದು ನಗರದ ಮಧ್ಯಮ ವರ್ಗದೊಡನೆ ಸೇರಿ, ರಾಷ್ಟ್ರಾಧ್ಯಕ್ಷರನ್ನು ಜನರೇ ನೇರವಾಗಿ ಆರಿಸುವ ಹಕ್ಕನ್ನು ಸೈನಿಕ ಸರ್ಕಾರದಿಂದ ಪಡೆದುಕೊಂಡಿತು. ಈ ಎರಡು ಗೆಲುವುಗಳ ನಡುವೆ ಇಪ್ಪತ್ತೇಳು ವರ್ಷಗಳ ಸೆರೆವಾಸ, ಚಿತ್ರಹಿಂಸೆ ಮತ್ತು ಸಾವುಗಳ ಇತಿಹಾಸವಿದೆ.

ಹಿನ್ನೆಲೆ

ಆಳುವವರ ತಪ್ಪನ್ನು ಎತ್ತಿ ತೋರಿಸುವುದು ಓದಿದವರ ಕರ್ತವ್ಯವೆಂಬ ಭಾವನೆ ಕೊರಿಯಾದಲ್ಲಿ ಬಹಳ ಹಳೆಯದು. ಜೋಸನ್ ಅರಸರ ಕಾಲದಲ್ಲಿ ರಾಜಧಾನಿಯಲ್ಲಿದ್ದ ಸುಂಗ್‌ಕ್ಯುನ್‌ಗ್ವಾನ್ ಎಂಬ ಕನ್‌ಫ್ಯೂಷಿಯನ್ ವಿದ್ಯಾಲಯದ ವಿದ್ಯಾರ್ಥಿಗಳು ಅರಸನಿಗೆ ಮನವಿಪತ್ರ ಸಲ್ಲಿಸುತ್ತಿದ್ದರು. ಮನವಿಗೆ ಮನ್ನಣೆ ದೊರೆಯದಿದ್ದರೆ ಭೋಜನಶಾಲೆಗೆ ಕಾಲಿಡದೆ ಪ್ರತಿಭಟಿಸುತ್ತಿದ್ದರು. ಜಪಾನಿನ ಆಳ್ವಿಕೆಯ ಕಾಲದಲ್ಲಿಯೂ ಈ ಪರಂಪರೆ ಮುಂದುವರಿಯಿತು. 1919ರ ಮಾರ್ಚ್ 1ರ ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಯಾಗಿ ಮರುವರ್ಷ ಸೆರೆಮನೆಯಲ್ಲೇ ಮಡಿದ ಯು ಗ್ವಾನ್-ಸುನ್ ಇಹ್ವಾ ಶಾಲೆಯ ವಿದ್ಯಾರ್ಥಿನಿ. 1929ರಲ್ಲಿ ನಾಜು ರೈಲು ನಿಲ್ದಾಣದಲ್ಲಿ ಜಪಾನೀ ವಿದ್ಯಾರ್ಥಿಗಳು ಕೊರಿಯನ್ ವಿದ್ಯಾರ್ಥಿನಿಯರನ್ನು ಕೆಣಕಿದ್ದರಿಂದ ಹುಟ್ಟಿದ ಜಗಳವು ಗ್ವಾಂಗ್‌ಜು ನಗರದಲ್ಲಿ ದೊಡ್ಡ ಪ್ರತಿಭಟನೆಯಾಗಿ, ಅಲ್ಲಿಂದ ಇಡೀ ದೇಶಕ್ಕೆ ಹರಡಿತು. ಅರ್ಧ ಶತಮಾನದ ಬಳಿಕ ಅದೇ ಗ್ವಾಂಗ್‌ಜು ಮತ್ತೆ ಇತಿಹಾಸದ ನಡುವೆ ನಿಂತಿತು.

1960ರ ಏಪ್ರಿಲ್ ಕ್ರಾಂತಿ

1960ರ ಮಾರ್ಚ್ 15ರಂದು ನಡೆದ ಚುನಾವಣೆ ಬಹಿರಂಗವಾಗಿಯೇ ಮೋಸದಿಂದ ಕೂಡಿತ್ತು. ಅದಕ್ಕೆ ಮೊದಲೇ, ಫೆಬ್ರವರಿ 28ರಂದು, ದೇಗು ನಗರದ ಪ್ರೌಢಶಾಲಾ ವಿದ್ಯಾರ್ಥಿಗಳು ಬೀದಿಗಿಳಿದಿದ್ದರು. ವಿರೋಧ ಪಕ್ಷದ ಸಭೆಗೆ ಮಕ್ಕಳು ಹೋಗದಂತೆ ತಡೆಯಲು ಭಾನುವಾರವೂ ಶಾಲೆಗೆ ಬರಬೇಕೆಂದು ಆಜ್ಞೆ ಮಾಡಿದ್ದು ಇದಕ್ಕೆ ಕಾರಣವಾಯಿತು. ಮತದಾನದ ದಿನ ಬಂದರು ಪಟ್ಟಣವಾದ ಮಸಾನ್‌ನಲ್ಲಿ ಪ್ರತಿಭಟನೆ ನಡೆದು ಪೊಲೀಸರು ಗುಂಡು ಹಾರಿಸಿದರು. ಅಂದು ಕಾಣೆಯಾದವರಲ್ಲಿ ಪ್ರೌಢಶಾಲೆಗೆ ಸೇರಲು ಆ ಊರಿಗೆ ಬಂದಿದ್ದ ಕಿಮ್ ಜು-ಯುಲ್ ಎಂಬ ಹುಡುಗನೂ ಒಬ್ಬ. ಏಪ್ರಿಲ್ 11ರಂದು ಬಂದರಿನ ನೀರಿನಲ್ಲಿ ಅವನ ಶವ ತೇಲಿತು. ಅಶ್ರುವಾಯು ಶೆಲ್ ಕಣ್ಣಿನೊಳಗೆ ನಾಟಿಕೊಂಡಿತ್ತು. ಪತ್ರಿಕೆಗಳಲ್ಲಿ ಆ ಚಿತ್ರ ಪ್ರಕಟವಾದ ಮೇಲೆ ಜನರ ಸಿಟ್ಟನ್ನು ತಡೆಯುವುದು ಸಾಧ್ಯವಾಗಲಿಲ್ಲ.

ಏಪ್ರಿಲ್ 18ರಂದು ಕೊರಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮೆರವಣಿಗೆ ಹೊರಟರು. ಹಿಂದಿರುಗುವ ದಾರಿಯಲ್ಲಿ ಅವರ ಮೇಲೆ ಗೂಂಡಾಗಳು ಹಲ್ಲೆ ನಡೆಸಿದರು. ಮರುದಿನ ಸೋಲ್ ನಗರದ ವಿದ್ಯಾರ್ಥಿಗಳು ಸಾವಿರಾರು ಸಂಖ್ಯೆಯಲ್ಲಿ ಅಧ್ಯಕ್ಷರ ನಿವಾಸದ ಕಡೆಗೆ ನುಗ್ಗಿದಾಗ ಗುಂಡಿನ ಮಳೆ ಸುರಿಯಿತು. ಈ ಹೋರಾಟದಲ್ಲಿ ಒಟ್ಟು 180ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಏಪ್ರಿಲ್ 25ರಂದು ಪ್ರಾಧ್ಯಾಪಕರು ವಿದ್ಯಾರ್ಥಿಗಳ ಬೆಂಬಲಕ್ಕೆ ಬೀದಿಗೆ ಬಂದರು. ಮರುದಿನವೇ ರೀ ರಾಜೀನಾಮೆ ನೀಡಿ, ಮುಂದೆ ಹವಾಯಿ ದ್ವೀಪಕ್ಕೆ ತೆರಳಿದರು. ಗುರುಗಳು ಶಿಷ್ಯರ ಹಿಂದೆ ನಡೆದ ಈ ಪ್ರಸಂಗವನ್ನು ಕೊರಿಯನ್ನರು ಇಂದಿಗೂ ನೆನೆಯುತ್ತಾರೆ. ಏಪ್ರಿಲ್ 19ರ ಹೋರಾಟದ ಸ್ಮರಣೆ ದೇಶದ ಸಂವಿಧಾನದ ಪೀಠಿಕೆಯಲ್ಲಿಯೂ ಸೇರಿದೆ.

ಗೆಲುವು ಬಹುಕಾಲ ಉಳಿಯಲಿಲ್ಲ. 1961ರ ಮೇ 16ರಂದು ಸೇನಾಧಿಕಾರಿ ಪಾರ್ಕ್ ಚುಂಗ್-ಹೀ ದಂಗೆಯ ಮೂಲಕ ಅಧಿಕಾರ ಹಿಡಿದರು.

ಪಾರ್ಕ್ ಆಡಳಿತ ಮತ್ತು ಯುಶಿನ್ ಕಾಲ

ಪಾರ್ಕ್ ಅವರ ಕಾಲದಲ್ಲಿ ದೇಶದ ಉದ್ಯಮಗಳು ವೇಗವಾಗಿ ಬೆಳೆದವು. ಆದರೆ ಆ ಬೆಳವಣಿಗೆಯ ಭಾರವನ್ನು ಹೊತ್ತವರು ಹಳ್ಳಿಗಳಿಂದ ಬಂದ ಹದಿಹರೆಯದ ಕಾರ್ಮಿಕರು, ಅವರಲ್ಲಿಯೂ ಹೆಚ್ಚಾಗಿ ಹುಡುಗಿಯರು. 1970ರ ನವೆಂಬರ್ 13ರಂದು ಸೋಲ್‌ನ ಪ್ಯೋಂಗ್‌ಹ್ವಾ ಮಾರುಕಟ್ಟೆಯಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆಯ ಇಪ್ಪತ್ತೆರಡು ವರ್ಷದ ಕಾರ್ಮಿಕ ಜೋನ್ ಟೇ-ಇಲ್, ಜಾರಿಯಾಗದೆ ಹೆಸರಿಗಷ್ಟೇ ಉಳಿದಿದ್ದ ಕಾರ್ಮಿಕ ಕಾನೂನನ್ನು ವಿರೋಧಿಸಿ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತನು. ಕಾನೂನಿನ ಪುಸ್ತಕದ ತುಂಬ ಚೀನೀ ಲಿಪಿಯ ಕಠಿಣ ಪದಗಳಿದ್ದವು. ಅವನ್ನು ಬಿಡಿಸಿ ಹೇಳಲು ತನಗೊಬ್ಬ ಕಾಲೇಜು ಓದಿದ ಗೆಳೆಯನಿದ್ದರೆ ಚೆನ್ನಾಗಿತ್ತೆಂದು ಅವನು ಹಂಬಲಿಸಿದ್ದನೆಂಬ ಸಂಗತಿ ಅನಂತರ ವಿದ್ಯಾರ್ಥಿಗಳಿಗೆ ತಿಳಿಯಿತು. ಅಲ್ಲಿಯವರೆಗೆ ಚುನಾವಣೆ, ಸಂವಿಧಾನ, ಜಪಾನಿನೊಡನೆ ಮಾಡಿಕೊಂಡ ಒಪ್ಪಂದ ಇಂತಹ ವಿಷಯಗಳ ಸುತ್ತಲೇ ಇದ್ದ ಚಳವಳಿಯು ಕಾರ್ಖಾನೆಗಳತ್ತ ಕಣ್ಣು ತೆರೆದದ್ದು ಈ ಸಾವಿನ ಬಳಿಕ. ಮಗನ ಕೆಲಸವನ್ನು ಮುಂದುವರಿಸಿದ ತಾಯಿ ಲೀ ಸೋ-ಸನ್ ಅವರನ್ನು ಮುಂದೆ ಕಾರ್ಮಿಕರೆಲ್ಲರೂ 'ತಾಯಿ' ಎಂದೇ ಕರೆದರು.

1972ರಲ್ಲಿ ಪಾರ್ಕ್ 'ಯುಶಿನ್' ಎಂಬ ಹೊಸ ಸಂವಿಧಾನವನ್ನು ತಂದು, ತಾವು ಎಷ್ಟು ಕಾಲ ಬೇಕಾದರೂ ಅಧಿಕಾರದಲ್ಲಿ ಇರುವಂತೆ ಏರ್ಪಾಟು ಮಾಡಿಕೊಂಡರು. ಅದನ್ನು ಟೀಕಿಸುವುದೇ ಅಪರಾಧವಾಯಿತು. 1974ರ ಏಪ್ರಿಲ್‌ನಲ್ಲಿ ಹೊರಡಿಸಿದ ನಾಲ್ಕನೆಯ ತುರ್ತು ಆಜ್ಞೆಯು ವಿದ್ಯಾರ್ಥಿಗಳನ್ನೇ ಗುರಿಯಾಗಿಸಿಕೊಂಡಿತ್ತು. ವಿದ್ಯಾರ್ಥಿಗಳ ಬೆನ್ನಿಗೆ ಉತ್ತರ ಕೊರಿಯಾ ಪರ ಗುಪ್ತ ಪಕ್ಷವೊಂದಿದೆ ಎಂಬ ಆರೋಪ ಹೊರಿಸಿ, 1975ರ ಏಪ್ರಿಲ್ 9ರಂದು ಎಂಟು ಮಂದಿಯನ್ನು ಗಲ್ಲಿಗೇರಿಸಲಾಯಿತು. ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದು ಒಂದು ದಿನವೂ ಕಳೆದಿರಲಿಲ್ಲ. 2007ರಲ್ಲಿ ನಡೆದ ಮರುವಿಚಾರಣೆಯಲ್ಲಿ ಆ ಎಂಟು ಮಂದಿಯೂ ನಿರಪರಾಧಿಗಳೆಂದು ನ್ಯಾಯಾಲಯ ಘೋಷಿಸಿತು.

1979ರ ಅಕ್ಟೋಬರ್ 16ರಂದು ಬುಸಾನ್ ವಿಶ್ವವಿದ್ಯಾಲಯದಲ್ಲಿ ಹೊತ್ತಿಕೊಂಡ ಪ್ರತಿಭಟನೆ ನೆರೆಯ ಮಸಾನ್‌ಗೂ ಹಬ್ಬಿತು. ಅದನ್ನು ಹೇಗೆ ಹತ್ತಿಕ್ಕಬೇಕೆಂಬ ವಿಷಯದಲ್ಲಿ ಆಳುವವರಲ್ಲಿಯೇ ಬಿರುಕು ಉಂಟಾಗಿ, ಅಕ್ಟೋಬರ್ 26ರಂದು ಗುಪ್ತಚರ ಸಂಸ್ಥೆಯ ಮುಖ್ಯಸ್ಥ ಕಿಮ್ ಜೇ-ಗ್ಯು ಪಾರ್ಕ್ ಅವರನ್ನು ಗುಂಡಿಟ್ಟು ಕೊಂದನು.

ಗ್ವಾಂಗ್‌ಜು, 1980

1979ರ ಡಿಸೆಂಬರ್ 12ರಂದು ಸೇನೆಯೊಳಗೆ ದಂಗೆ ನಡೆಸಿದ ಜನರಲ್ ಚುನ್ ಡೂ-ಹ್ವಾನ್ ಮೆಲ್ಲಮೆಲ್ಲನೆ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಳ್ಳುತ್ತಿದ್ದನು. 1980ರ ಮೇ 15ರಂದು ಸೋಲ್ ರೈಲು ನಿಲ್ದಾಣದ ಮುಂದಿನ ಬಯಲಿನಲ್ಲಿ ಭಾರೀ ಸಂಖ್ಯೆಯ ವಿದ್ಯಾರ್ಥಿಗಳು ನೆರೆದರು. ಸೇನೆ ಬರಬಹುದೆಂಬ ಭಯದಿಂದ ಮುಖಂಡರು ಅಂದು ರಾತ್ರಿ ಎಲ್ಲರನ್ನೂ ಕ್ಯಾಂಪಸ್‌ಗಳಿಗೆ ಹಿಂದೆ ಕಳುಹಿಸಿದರು. ಅವರ ನಿರ್ಧಾರ ಸರಿಯೇ ತಪ್ಪೇ ಎಂಬ ವಾದ ಹಲವು ವರ್ಷ ನಡೆಯಿತು. ಎರಡು ದಿನ ಕಳೆಯುವಷ್ಟರಲ್ಲಿ ಸೇನಾ ಕಾನೂನು ಇಡೀ ದೇಶಕ್ಕೆ ವಿಸ್ತರಿಸಿತು ಎಂಬುದನ್ನು ನೋಡಿದರೆ, ಹಿಂದೆ ಸರಿದದ್ದರಿಂದ ರಕ್ತಪಾತ ತಪ್ಪಲಿಲ್ಲ. ಅದು ಸೋಲ್‌ನ ಬದಲು ಗ್ವಾಂಗ್‌ಜುವಿನಲ್ಲಿ ನಡೆಯಿತು, ಅಷ್ಟೇ.

ಮೇ 18ರ ಬೆಳಿಗ್ಗೆ ಚೊನ್ನಾಮ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಬಾಗಿಲಲ್ಲಿ ಸೇರಿದ ವಿದ್ಯಾರ್ಥಿಗಳ ಮೇಲೆ ಪ್ಯಾರಾಟ್ರೂಪರ್ ಪಡೆಯವರು ದೊಣ್ಣೆಗಳಿಂದ ಎರಗಿದರು. ಬೀದಿಯಲ್ಲಿ ಸಿಕ್ಕಿದವರನ್ನೆಲ್ಲ ಬಡಿಯುವುದನ್ನು ಕಂಡು ಟ್ಯಾಕ್ಸಿ ಚಾಲಕರು, ಅಂಗಡಿಯವರು, ಗೃಹಿಣಿಯರು ಹುಡುಗರ ಪಕ್ಷ ವಹಿಸಿದರು. ಮೇ 21ರಂದು ಪ್ರಾಂತೀಯ ಕಚೇರಿಯ ಮುಂದೆ ಸೈನಿಕರು ಜನಸಮೂಹದ ಮೇಲೆ ಗುಂಡು ಹಾರಿಸಿದರು. ಜನರು ಪೊಲೀಸ್ ಠಾಣೆಗಳ ಬಂದೂಕುಗಳನ್ನು ಕೈಗೆತ್ತಿಕೊಂಡರು. ಸೇನೆ ಊರಿನ ಹೊರಕ್ಕೆ ಸರಿಯಿತು. ಮುಂದಿನ ಕೆಲವು ದಿನ ಊರನ್ನು ಊರಿನವರೇ ನೋಡಿಕೊಂಡರು. ಗಾಯಾಳುಗಳಿಗೆ ರಕ್ತ ಕೊಡಲು ಆಸ್ಪತ್ರೆಗಳ ಮುಂದೆ ಸಾಲು ನಿಂತರು, ಬೀದಿಗಳಲ್ಲಿ ಅನ್ನದ ಉಂಡೆಗಳನ್ನು ಕಟ್ಟಿ ಹಂಚಿದರು. ಮೇ 27ರ ನಸುಕಿನಲ್ಲಿ ಸೇನೆ ಟ್ಯಾಂಕುಗಳೊಡನೆ ಮರಳಿತು. ಸೋಲು ಖಚಿತವೆಂದು ತಿಳಿದೂ ಪ್ರಾಂತೀಯ ಕಚೇರಿಯಲ್ಲಿ ಉಳಿದವರಲ್ಲಿ ಕಾರ್ಮಿಕರ ರಾತ್ರಿಶಾಲೆಯಲ್ಲಿ ಪಾಠ ಹೇಳುತ್ತಿದ್ದ ಯುನ್ ಸಾಂಗ್-ವೋನ್ ಇದ್ದನು. ಶಾಲಾ ವಿದ್ಯಾರ್ಥಿಗಳೂ ಇದ್ದರು.

ಆ ರಾತ್ರಿಶಾಲೆಯನ್ನು ಆರಂಭಿಸಿದ ಪಾರ್ಕ್ ಗಿ-ಸುನ್ ಎಂಬ ಯುವತಿ 1978ರ ಕೊನೆಯಲ್ಲಿ ಕಲ್ಲಿದ್ದಲಿನ ಹೊಗೆಯಿಂದ ಉಸಿರುಗಟ್ಟಿ ತೀರಿಕೊಂಡಿದ್ದಳು. 1982ರಲ್ಲಿ ಕೊರಿಯನ್ ಸಂಪ್ರದಾಯದಂತೆ ಈ ಇಬ್ಬರು ಮೃತರ ಆತ್ಮಗಳಿಗೆ ಮದುವೆ ಮಾಡಿಸಲಾಯಿತು. ಅವರಿಗಾಗಿ ರಚಿಸಿದ ಹಾಡು 'ಪ್ರಿಯರಿಗಾಗಿ ಮೆರವಣಿಗೆ' ಎಂಬ ಅರ್ಥದ ಹೆಸರಿನಿಂದ ಎಲ್ಲ ಪ್ರತಿಭಟನೆಗಳ ಗೀತೆಯಾಯಿತು. ಪ್ರೇತಮದುವೆಯ ವಾಡಿಕೆ ತುಳುನಾಡಿನಲ್ಲಿಯೂ ಇರುವುದರಿಂದ ಕನ್ನಡ ಓದುಗರಿಗೆ ಇದು ಅಪರಿಚಿತವೆನಿಸಲಾರದು.

ಎಂಬತ್ತರ ದಶಕದ ಕ್ಯಾಂಪಸ್

ಗ್ವಾಂಗ್‌ಜುವಿನ ಘಟನೆಗಳನ್ನು ಸರ್ಕಾರ ಗಲಭೆಯೆಂದು ಕರೆದು ಮುಚ್ಚಿಹಾಕಿತು. ಆದರೆ ಜರ್ಮನ್ ಪತ್ರಕರ್ತ ಯೂರ್ಗನ್ ಹಿಂಟ್ಸ್‌ಪೀಟರ್ ಗುಟ್ಟಾಗಿ ಹೊರಗೆ ಸಾಗಿಸಿದ ಚಿತ್ರೀಕರಣದ ಪ್ರತಿಗಳು ಕ್ರೈಸ್ತ ದೇವಾಲಯಗಳಲ್ಲಿಯೂ ವಿದ್ಯಾರ್ಥಿ ಕೋಣೆಗಳಲ್ಲಿಯೂ ಕದ್ದುಮುಚ್ಚಿ ಪ್ರದರ್ಶನಗೊಂಡವು. 1980ರ ದಶಕದಲ್ಲಿ ಕಾಲೇಜಿಗೆ ಬಂದ ತರುಣರು ಬದುಕುಳಿದವರ ಸಾಲವೊಂದು ತಮ್ಮ ಮೇಲಿದೆ ಎಂಬ ಭಾವನೆಯಲ್ಲಿ ಬೆಳೆದರು. ಅವರ ಸಂಖ್ಯೆಯೂ ದೊಡ್ಡದಾಗಿತ್ತು. ಸರ್ಕಾರವೇ ಪ್ರವೇಶ ಸಂಖ್ಯೆ ಹೆಚ್ಚಿಸಿದ್ದರಿಂದ 1980ರಿಂದ 1985ರ ನಡುವೆ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಎರಡು ಪಟ್ಟಿಗೂ ಮಿಕ್ಕಿ ಬೆಳೆದರು.

ದಶಕದ ಮೊದಲ ವರ್ಷಗಳಲ್ಲಿ ಸಾದಾ ಉಡುಪಿನ ಪೊಲೀಸರು ಕ್ಯಾಂಪಸ್‌ನೊಳಗೇ ಇರುತ್ತಿದ್ದರು. ವಿದ್ಯಾರ್ಥಿಯೊಬ್ಬನು ಗ್ರಂಥಾಲಯದ ಮೇಲೇರಿ ಕರಪತ್ರ ಚೆಲ್ಲಿ ಘೋಷಣೆ ಕೂಗಿದರೆ, ಪೊಲೀಸರ ಕೈಗೆ ಸಿಗುವ ಮೊದಲು ಅವನಿಗೆ ದೊರೆಯುತ್ತಿದ್ದದ್ದು ಕೆಲವೇ ನಿಮಿಷ. ಅನೇಕರನ್ನು ಕಾಲೇಜಿನಿಂದ ಹೊರಹಾಕಿ ಬಲವಂತವಾಗಿ ಸೇನೆಗೆ ಸೇರಿಸಲಾಯಿತು. 1983ರ ಕೊನೆಯಲ್ಲಿ ಸರ್ಕಾರ ಹಿಡಿತವನ್ನು ತುಸು ಸಡಿಲಿಸಿದಾಗ ಹೊರದೂಡಲ್ಪಟ್ಟವರು ಮರಳಿದರು, ವಿದ್ಯಾರ್ಥಿ ಸಂಘಗಳು ಮತ್ತೆ ತಲೆಯೆತ್ತಿದವು.

ಚಳವಳಿಗೆ ಸೇರುವ ದಾರಿ ಸಾಮಾನ್ಯವಾಗಿ ಓದಿನ ಮೂಲಕವೇ ಇತ್ತು. ಹಿರಿಯ ವಿದ್ಯಾರ್ಥಿಗಳು ಹೊಸಬರನ್ನು ಸಣ್ಣ ಗುಂಪುಗಳಲ್ಲಿ ಕೂರಿಸಿಕೊಂಡು ನಿಷೇಧಿತ ಪುಸ್ತಕಗಳನ್ನು ಓದಿಸುತ್ತಿದ್ದರು. ಮುಖವಾಡದ ಕುಣಿತ, ಹಳ್ಳಿಯ ವಾದ್ಯಮೇಳ, ಬಯಲಾಟಗಳಿಗೆ ಹೊಸ ಜೀವ ಬಂದದ್ದೂ ಇದೇ ಗುಂಪುಗಳಿಂದ. ಮೆರವಣಿಗೆಗಳ ಮುಂದೆ ಡೋಲು ಜಾಗಟೆಗಳು ಮೊಳಗುತ್ತಿದ್ದವು. ಇನ್ನು ಕೆಲವರು ಪದವಿಯ ಆಸೆಯನ್ನೇ ಬಿಟ್ಟು, ಓದಿದ ವಿಷಯವನ್ನು ಮರೆಮಾಚಿ ಕಾರ್ಖಾನೆಗಳಲ್ಲಿ ಕೂಲಿಗೆ ಸೇರಿದರು. ಹಾಗೆ ಸೇರಿದವರಲ್ಲೊಬ್ಬಳಾದ, ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಕ್ವೋನ್ ಇನ್-ಸುಕ್, 1986ರಲ್ಲಿ ಬುಚನ್ ಪೊಲೀಸ್ ಠಾಣೆಯಲ್ಲಿ ತನ್ನ ಮೇಲೆ ನಡೆದ ಲೈಂಗಿಕ ಹಿಂಸೆಯ ಬಗ್ಗೆ ಬಹಿರಂಗವಾಗಿ ದೂರು ನೀಡಿದಳು. ಹೆಣ್ಣು ಇಂತಹ ವಿಷಯವನ್ನು ಬಾಯಿಬಿಟ್ಟು ಹೇಳುವುದೇ ಅವಮಾನವೆಂದು ಎಣಿಸುತ್ತಿದ್ದ ಸಮಾಜದಲ್ಲಿ ಈ ದೂರು ದೊಡ್ಡ ಕಂಪನ ಉಂಟುಮಾಡಿತು. ಮುಂದೆ ವಿದ್ವಾಂಸೆಯಾದ ಆಕೆ, ವಿದ್ಯಾರ್ಥಿ ಚಳವಳಿಯೊಳಗೇ ಬೇರೂರಿದ್ದ ಸೈನಿಕ ಶಿಸ್ತಿನ ಮತ್ತು ಗಂಡಾಳ್ವಿಕೆಯ ಮನೋಭಾವವನ್ನೂ ಟೀಕಿಸಿ ಬರೆದರು.

ಬೀದಿಯಲ್ಲಿ ಎದುರುಬದುರಾಗುತ್ತಿದ್ದವರು ಬಹುಪಾಲು ಒಂದೇ ವಯಸ್ಸಿನವರು. ಕಡ್ಡಾಯ ಸೇನಾಸೇವೆಯ ಅಂಗವಾಗಿ ಗಲಭೆ ನಿಗ್ರಹ ಪಡೆಗೆ ಸೇರಿದ್ದ ಹುಡುಗರು ಒಂದು ಕಡೆ, ಅವರ ಸಹಪಾಠಿಗಳಾಗಿದ್ದಿರಬಹುದಾದವರು ಇನ್ನೊಂದು ಕಡೆ. ಅಶ್ರುವಾಯುವಿನ ಉರಿ ತಡೆಯಲು ವಿದ್ಯಾರ್ಥಿಗಳು ಕಣ್ಣಿನ ಕೆಳಗೆ ಟೂತ್‌ಪೇಸ್ಟ್ ಹಚ್ಚಿಕೊಳ್ಳುತ್ತಿದ್ದರು. ಕಲ್ಲು ಮತ್ತು ಪೆಟ್ರೋಲ್ ಬಾಂಬುಗಳ ಬಳಕೆಯೂ ಇತ್ತು. ಅದರಿಂದ ಸಾಮಾನ್ಯ ಜನರ ಸಹಾನುಭೂತಿ ಕೆಲವೊಮ್ಮೆ ದೂರವಾಗುತ್ತಿತ್ತು. ಆತ್ಮಾಹುತಿಗಳೂ ನಡೆದು ಹಲವು ಎಳೆಯ ಜೀವಗಳು ನಷ್ಟವಾದವು.

ಒಳಜಗಳಗಳಿಗೂ ಕೊರತೆಯಿರಲಿಲ್ಲ. ದೇಶದ ಮುಖ್ಯ ಸಮಸ್ಯೆ ಅಮೆರಿಕದ ಹಿಡಿತ ಮತ್ತು ದೇಶವಿಭಜನೆಯೆಂದು ಒಂದು ಬಣ, ಬಂಡವಾಳಶಾಹಿ ವರ್ಗವ್ಯವಸ್ಥೆಯೆಂದು ಇನ್ನೊಂದು ಬಣ. ಮೊದಲನೆಯ ಬಣದ ಕೆಲವರು ಉತ್ತರ ಕೊರಿಯಾದ ಕಿಮ್ ಇಲ್-ಸಂಗ್‌ನ ವಿಚಾರಧಾರೆಗೆ ಒಲಿದರು. ಇದು ಚಳವಳಿಯ ದೊಡ್ಡ ಕುರುಡು. ಆ ವಿಚಾರವನ್ನು ಕ್ಯಾಂಪಸ್‌ಗಳಲ್ಲಿ ಹರಡಿದ ಕಿಮ್ ಯಂಗ್-ಹ್ವಾನ್ 1991ರಲ್ಲಿ ಸ್ವತಃ ಉತ್ತರಕ್ಕೆ ಹೋಗಿ ಕಿಮ್ ಇಲ್-ಸಂಗ್‌ನನ್ನು ಭೇಟಿಯಾದ ಮೇಲೆ ಭ್ರಮನಿರಸನಗೊಂಡು, ಉತ್ತರ ಕೊರಿಯಾದ ಜನರ ಮಾನವ ಹಕ್ಕುಗಳಿಗಾಗಿ ದುಡಿಯುವವನಾದನು.

ಪಾರ್ಕ್ ಜೊಂಗ್-ಚುಲ್ ಸಾವು

1987ರ ಜನವರಿ 14ರಂದು ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಭಾಷಾಶಾಸ್ತ್ರ ವಿದ್ಯಾರ್ಥಿ ಪಾರ್ಕ್ ಜೊಂಗ್-ಚುಲ್, ನಮ್ಯೊಂಗ್-ಡೊಂಗ್‌ನಲ್ಲಿದ್ದ ಪೊಲೀಸ್ ವಿಚಾರಣಾ ಕೇಂದ್ರದಲ್ಲಿ ಮೃತನಾದನು. ತಲೆಮರೆಸಿಕೊಂಡಿದ್ದ ಹಿರಿಯ ವಿದ್ಯಾರ್ಥಿಯೊಬ್ಬ ಎಲ್ಲಿದ್ದಾನೆಂದು ತಿಳಿಯಲು ಪೊಲೀಸರು ಅವನ ತಲೆಯನ್ನು ನೀರಿನ ತೊಟ್ಟಿಯಲ್ಲಿ ಅದುಮಿದ್ದರು. ಅಧಿಕಾರಿಯೊಬ್ಬ ಮೇಜನ್ನು ಗುದ್ದಿದ ಸದ್ದಿಗೇ ಹುಡುಗ ಬೆಚ್ಚಿ ಬಿದ್ದು ಸತ್ತನೆಂಬುದು ಪೊಲೀಸರ ಮೊದಲ ಹೇಳಿಕೆ. ಇದನ್ನು ಯಾರೂ ನಂಬಲಿಲ್ಲ.

ಸತ್ಯ ಹೊರಬಿದ್ದದ್ದು ಯಾವುದೋ ಒಬ್ಬ ನಾಯಕನಿಂದಲ್ಲ, ತಮ್ಮ ತಮ್ಮ ಕೆಲಸವನ್ನು ಸರಿಯಾಗಿ ಮಾಡಿದ ಹಲವರಿಂದ. ಶವವನ್ನು ಮೊದಲು ನೋಡಿದ ವೈದ್ಯರು ಕೋಣೆಯ ನೆಲದಲ್ಲಿ ನೀರಿತ್ತೆಂದು ತಿಳಿಸಿದರು. ಕೂಡಲೇ ಶವವನ್ನು ಸುಡಲು ಪೊಲೀಸರು ಕೇಳಿದ ಅನುಮತಿಯನ್ನು ಸರ್ಕಾರಿ ವಕೀಲರು ನಿರಾಕರಿಸಿ ಮರಣೋತ್ತರ ಪರೀಕ್ಷೆ ಮಾಡಿಸಿದರು. ಪತ್ರಿಕೆಗಳು ಬೆದರಿಕೆಗೆ ಜಗ್ಗದೆ ಸುದ್ದಿ ಮುದ್ರಿಸಿದವು. ಸರ್ಕಾರ ಇಬ್ಬರು ಪೊಲೀಸರನ್ನು ಬಂಧಿಸಿ ಪ್ರಕರಣ ಮುಗಿಸಲು ನೋಡಿತು. ಇನ್ನೂ ಮೂವರು ಭಾಗಿಗಳಿದ್ದಾರೆ ಎಂಬ ರಹಸ್ಯ ಸೆರೆಮನೆಯೊಳಗೆ ಬಯಲಾಗಿ, ಅಲ್ಲಿ ಬಂಧಿಯಾಗಿದ್ದ ಮಾಜಿ ಪತ್ರಕರ್ತ ಲೀ ಬು-ಯಂಗ್ ಬರೆದ ಚೀಟಿಗಳ ರೂಪದಲ್ಲಿ ಕಾವಲುಗಾರರ ಮೂಲಕ ಹೊರಗೆ ಬಂತು. ಮೇ 18ರಂದು, ಗ್ವಾಂಗ್‌ಜುವಿನ ಏಳನೆಯ ವರ್ಷದ ಪ್ರಾರ್ಥನೆಯ ಬಳಿಕ, ಮ್ಯೊಂಗ್‌ಡೊಂಗ್ ಕ್ಯಾಥೆಡ್ರಲ್‌ನಲ್ಲಿ ಕ್ಯಾಥೊಲಿಕ್ ಪಾದ್ರಿಗಳು ಅದನ್ನು ಲೋಕಕ್ಕೆ ಸಾರಿದರು.

ಜೂನ್ ಹೋರಾಟ

ಇದರ ನಡುವೆ ಏಪ್ರಿಲ್ 13ರಂದು ಚುನ್, ಸಂವಿಧಾನ ತಿದ್ದುಪಡಿಯ ಮಾತುಕತೆ ನಿಲ್ಲಿಸಲಾಗಿದೆ, ಮುಂದಿನ ಅಧ್ಯಕ್ಷನನ್ನೂ ಹಳೆಯ ಪರೋಕ್ಷ ವಿಧಾನದಲ್ಲಿಯೇ ಆರಿಸಲಾಗುವುದು ಎಂದು ಘೋಷಿಸಿದ್ದನು. ವಿರೋಧ ಪಕ್ಷದವರು, ಪಾದ್ರಿಗಳು, ಬೌದ್ಧ ಭಿಕ್ಷುಗಳು, ವಿದ್ಯಾರ್ಥಿಗಳು ಒಂದುಗೂಡಿ ಮೇ 27ರಂದು ರಾಷ್ಟ್ರೀಯ ವೇದಿಕೆಯೊಂದನ್ನು ಕಟ್ಟಿದರು. ಆಡಳಿತ ಪಕ್ಷವು ಜನರಲ್ ರೋ ಟೇ-ವೂ ಅವರನ್ನು ಅಭ್ಯರ್ಥಿಯಾಗಿ ಘೋಷಿಸಲಿದ್ದ ಜೂನ್ 10ರಂದೇ ದೇಶವ್ಯಾಪಿ ಪ್ರತಿಭಟನೆಗೆ ಕರೆ ನೀಡಲಾಯಿತು. ಎಲ್ಲ ಬಗೆಯ ಬೇಡಿಕೆಗಳನ್ನೂ ಬದಿಗಿಟ್ಟು ನೇರ ಚುನಾವಣೆ ಎಂಬ ಒಂದೇ ಮಾತಿಗೆ ಅಂಟಿಕೊಂಡದ್ದು ಈ ವೇದಿಕೆಯ ಜಾಣತನ. ಕ್ರಾಂತಿಯ ಭಾಷೆಗೆ ಹೆದರುತ್ತಿದ್ದ ಕಚೇರಿ ನೌಕರನಿಗೂ ಅದು ತನ್ನ ಮಾತೇ ಆಗಿ ಕೇಳಿಸಿತು.

ಜೂನ್ 9ರಂದು ಯೋನ್ಸೆ ವಿಶ್ವವಿದ್ಯಾಲಯದ ಬಾಗಿಲಿನಲ್ಲಿ ಪೊಲೀಸರು ಹಾರಿಸಿದ ಅಶ್ರುವಾಯು ಶೆಲ್ ಲೀ ಹಾನ್-ಯೋಲ್ ಎಂಬ ವಿದ್ಯಾರ್ಥಿಯ ತಲೆಯ ಹಿಂಭಾಗಕ್ಕೆ ಬಡಿಯಿತು. ಮುಖದ ಮೇಲೆ ರಕ್ತ ಇಳಿಯುತ್ತಿರುವ ಅವನನ್ನು ಗೆಳೆಯನೊಬ್ಬ ಹಿಂದಿನಿಂದ ಎತ್ತಿ ಹಿಡಿದಿರುವ ಛಾಯಾಚಿತ್ರವು ಮರುದಿನದ ಹೋರಾಟಕ್ಕೆ ಮುಖವಾಯಿತು. ಜೂನ್ 10ರ ಸಂಜೆ ಆರು ಗಂಟೆಗೆ ವಾಹನಗಳು ಒಟ್ಟಾಗಿ ಹಾರನ್ ಬಾರಿಸಿದವು, ಗಂಟೆಗಳು ಮೊಳಗಿದವು. ಪೊಲೀಸರು ಅಟ್ಟಿಸಿಕೊಂಡು ಬಂದ ನೂರಾರು ವಿದ್ಯಾರ್ಥಿಗಳು ಮ್ಯೊಂಗ್‌ಡೊಂಗ್ ಕ್ಯಾಥೆಡ್ರಲ್ ಆವರಣದಲ್ಲಿ ಆಶ್ರಯ ಪಡೆದು ಐದು ದಿನ ಅಲ್ಲಿಯೇ ಉಳಿದರು. ಒಳನುಗ್ಗುವ ಸೂಚನೆ ನೀಡಿದ ಅಧಿಕಾರಿಗಳಿಗೆ ಕಾರ್ಡಿನಲ್ ಕಿಮ್ ಸೂ-ಹ್ವಾನ್, ಮೊದಲು ನನ್ನನ್ನು, ಅನಂತರ ಪಾದ್ರಿಗಳನ್ನು, ಆಮೇಲೆ ಸನ್ಯಾಸಿನಿಯರನ್ನು ತುಳಿದು ದಾಟಿದ ಮೇಲೆಯೇ ವಿದ್ಯಾರ್ಥಿಗಳ ಬಳಿ ಹೋಗಬೇಕಾದೀತು ಎಂಬ ಅರ್ಥದ ಉತ್ತರ ಕೊಟ್ಟರು. ಪಕ್ಕದ ಬಾಲಿಕಾ ಪ್ರೌಢಶಾಲೆಯ ಹುಡುಗಿಯರು ತಮ್ಮ ಊಟದ ಡಬ್ಬಿಗಳನ್ನು ಒಳಗಿದ್ದವರಿಗೆ ಕಳುಹಿಸಿದರು. ಮಧ್ಯಾಹ್ನದ ಬಿಡುವಿನಲ್ಲಿ ಸುತ್ತಲಿನ ಬ್ಯಾಂಕು, ಕಚೇರಿಗಳಿಂದ ಟೈ ಕಟ್ಟಿದ ನೌಕರರು ಇಳಿದು ಬಂದು ಘೋಷಣೆ ಕೂಗತೊಡಗಿದರು. ಪತ್ರಿಕೆಗಳು ಅವರಿಗೆ 'ನೆಕ್‌ಟೈ ಪಡೆ' ಎಂದು ಹೆಸರಿಟ್ಟವು.

ಜೂನ್ 26ರಂದು ದೇಶದ ಮೂವತ್ತಕ್ಕೂ ಹೆಚ್ಚು ನಗರಗಳಲ್ಲಿ ನಡೆದ ಶಾಂತಿ ಮೆರವಣಿಗೆಯಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಜನ ಸೇರಿದರೆಂದು ಸಂಘಟಕರು ಹೇಳಿದರು. ಸೇನೆಯನ್ನು ಇಳಿಸುವ ಸಿದ್ಧತೆ ನಡೆದಿತ್ತು. ಆದರೆ ಮರುವರ್ಷ ಸೋಲ್‌ನಲ್ಲಿ ಒಲಿಂಪಿಕ್ಸ್ ನಡೆಯಬೇಕಿತ್ತು. ಬಲಪ್ರಯೋಗ ಬೇಡವೆಂಬ ಅಮೆರಿಕದ ಅಧ್ಯಕ್ಷ ರೇಗನ್ ಅವರ ಪತ್ರವನ್ನು ರಾಯಭಾರಿ ಜೇಮ್ಸ್ ಲಿಲಿ ಜೂನ್ 19ರಂದು ಚುನ್ ಕೈಗೆ ಮುಟ್ಟಿಸಿದ್ದರು. ಎರಡನೆಯ ಗ್ವಾಂಗ್‌ಜು ನಡೆದರೆ ಅದನ್ನು ಒಂದೇ ಊರಿಗೆ ಸೀಮಿತಗೊಳಿಸಲು ಆಗದೆಂಬುದು ಸೇನೆಗೂ ತಿಳಿದಿತ್ತು. ಜೂನ್ 29ರಂದು ರೋ ಟೇ-ವೂ ನೇರ ಚುನಾವಣೆ, ಕಿಮ್ ಡೇ-ಜಂಗ್ ಅವರ ರಾಜಕೀಯ ಹಕ್ಕುಗಳ ಮರುಸ್ಥಾಪನೆ, ಪತ್ರಿಕಾ ಸ್ವಾತಂತ್ರ್ಯ ಮುಂತಾದವುಗಳನ್ನು ಒಪ್ಪಿಕೊಂಡು ಹೇಳಿಕೆ ನೀಡಿದರು.

ಲೀ ಹಾನ್-ಯೋಲ್‌ಗೆ ಪ್ರಜ್ಞೆ ಮರಳಲೇ ಇಲ್ಲ. ಜುಲೈ 5ರಂದು ತೀರಿಕೊಂಡನು. ಜುಲೈ 9ರ ಶವಯಾತ್ರೆಗೆ ಸೋಲ್‌ನ ಬೀದಿಗಳು ಕಿಕ್ಕಿರಿದಿದ್ದವು. ಸೆರೆಯಿಂದ ಹಿಂದಿನ ದಿನವಷ್ಟೇ ಬಿಡುಗಡೆಯಾಗಿದ್ದ ಪಾದ್ರಿ ಮೂನ್ ಇಕ್-ಹ್ವಾನ್ ಭಾಷಣ ಮಾಡಲಿಲ್ಲ. ಜೋನ್ ಟೇ-ಇಲ್‌ನಿಂದ ಆರಂಭಿಸಿ, ಹೋರಾಟದಲ್ಲಿ ಮಡಿದವರ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಕೂಗಿದರು.

ಚುನಾವಣೆ ಮತ್ತು ಅನಂತರ

ಅಕ್ಟೋಬರ್ 27ರ ಜನಮತಗಣನೆಯಲ್ಲಿ ಹೊಸ ಸಂವಿಧಾನಕ್ಕೆ ಶೇ. 93ರಷ್ಟು ಮತ ಬಿತ್ತು. ಅಧ್ಯಕ್ಷರಿಗೆ ಐದು ವರ್ಷದ ಒಂದೇ ಅವಧಿ ಎಂಬ ಅದರ ನಿಯಮ ಈಗಲೂ ಜಾರಿಯಲ್ಲಿದೆ. ಆದರೆ ಡಿಸೆಂಬರ್ 16ರ ಚುನಾವಣೆಯ ಫಲಿತಾಂಶ ಬೀದಿಗಿಳಿದವರಿಗೆ ಕಹಿಯಾಯಿತು. ಪ್ರತಿಪಕ್ಷದ ಇಬ್ಬರು ನಾಯಕರು ಒಂದಾಗಲು ಒಪ್ಪಲಿಲ್ಲ. ಕಿಮ್ ಯಂಗ್-ಸಾಮ್ ಶೇ. 28, ಕಿಮ್ ಡೇ-ಜಂಗ್ ಶೇ. 27 ಮತ ಪಡೆದರು. ಶೇ. 36.6 ಮತಗಳಿಂದ ಜನರಲ್ ರೋ ಟೇ-ವೂ ಗೆದ್ದರು. ಯಾರನ್ನು ಬೆಂಬಲಿಸಬೇಕೆಂಬ ಪ್ರಶ್ನೆಯಲ್ಲಿ ವಿದ್ಯಾರ್ಥಿಗಳೂ ಒಡೆದು ಹೋಗಿದ್ದರು. ಮತದಾನದ ವಯಸ್ಸು ಆಗ 20 ಇದ್ದುದರಿಂದ, ಅಶ್ರುವಾಯು ಕುಡಿದ ಎಷ್ಟೋ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಆ ಚುನಾವಣೆಯಲ್ಲಿ ಮತವೇ ಇರಲಿಲ್ಲ. ಆ ವಯಸ್ಸು 18ಕ್ಕೆ ಇಳಿದದ್ದು 2019ರ ಕೊನೆಯಲ್ಲಿ ಆದ ಕಾನೂನು ತಿದ್ದುಪಡಿಯಿಂದ.

ಆ ವರ್ಷದ ಬೇಸಿಗೆಯಲ್ಲಿ ಕಾರ್ಖಾನೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮುಷ್ಕರಗಳು ನಡೆದು ಹೋರಾಟದ ಕೇಂದ್ರ ಕ್ಯಾಂಪಸ್‌ನಿಂದ ಕಾರ್ಮಿಕರ ಕಡೆಗೆ ಸರಿಯಿತು. ಆಗಸ್ಟ್‌ನಲ್ಲಿ ಸ್ಥಾಪನೆಯಾದ ವಿದ್ಯಾರ್ಥಿಗಳ ರಾಷ್ಟ್ರೀಯ ಒಕ್ಕೂಟ ಜೊಂಡೇಹ್ಯೊಪ್ ಏಕೀಕರಣದ ವಿಷಯವನ್ನು ಕೈಗೆತ್ತಿಕೊಂಡಿತು. 1989ರಲ್ಲಿ ಅದರ ಪ್ರತಿನಿಧಿಯಾಗಿ ಪ್ಯೊಂಗ್‌ಯಾಂಗ್‌ಗೆ ಹೋಗಿದ್ದ ಲಿಮ್ ಸು-ಕ್ಯುಂಗ್, ಪನ್‌ಮುಂಜೊಮ್ ಗಡಿಯನ್ನು ನಡೆದು ದಾಟಿ ಮರಳಿ ಸೆರೆಮನೆ ಸೇರಿದಳು. 1991ರ ಏಪ್ರಿಲ್‌ನಲ್ಲಿ ಕಾಂಗ್ ಕ್ಯುಂಗ್-ಡೇ ಎಂಬ ವಿದ್ಯಾರ್ಥಿ ಪೊಲೀಸರ ಹೊಡೆತದಿಂದ ಸತ್ತಾಗ ಮತ್ತೆ ಪ್ರತಿಭಟನೆಯ ಅಲೆ ಎದ್ದಿತು. ಈ ಬಾರಿ ಮಧ್ಯಮ ವರ್ಗ ಜೊತೆಗೂಡಲಿಲ್ಲ. 1996ರಲ್ಲಿ ಯೋನ್ಸೆಯಲ್ಲಿ ನಡೆದ ಘರ್ಷಣೆಯ ಬಳಿಕ ಸಂಘಟಿತ ಚಳವಳಿ ಬಹುಮಟ್ಟಿಗೆ ಕ್ಷೀಣಿಸಿತು. ಅದೇ ವರ್ಷ ಚುನ್ ಮತ್ತು ರೋ ಇಬ್ಬರಿಗೂ ದಂಗೆ ಹಾಗೂ ಗ್ವಾಂಗ್‌ಜು ಹತ್ಯೆಗಳಿಗಾಗಿ ಶಿಕ್ಷೆಯಾಯಿತು. 1997ರ ಕೊನೆಯಲ್ಲಿ ಕ್ಷಮಾದಾನವೂ ದೊರೆಯಿತು.

ಮೂವತ್ತರ ವಯಸ್ಸಿನವರು, ಎಂಬತ್ತರ ದಶಕದಲ್ಲಿ ಕಾಲೇಜು ಸೇರಿದವರು, ಅರವತ್ತರ ದಶಕದಲ್ಲಿ ಹುಟ್ಟಿದವರು ಎಂಬ ಅರ್ಥದಲ್ಲಿ ಈ ಪೀಳಿಗೆಗೆ 1990ರ ದಶಕದಲ್ಲಿ '386' ಎಂಬ ಹೆಸರು ಬಂತು. ಒಕ್ಕೂಟದ ಮೊದಲ ಅಧ್ಯಕ್ಷ ಲೀ ಇನ್-ಯಂಗ್ ಸೇರಿದಂತೆ ಹಲವರು ಸಂಸದರೂ ಸಚಿವರೂ ಆದರು. ಇಂದಿನ ತರುಣರು ಇದೇ ಪೀಳಿಗೆಯನ್ನು ಉದ್ಯೋಗ, ಆಸ್ತಿ, ಅಧಿಕಾರಗಳನ್ನು ಬಿಟ್ಟುಕೊಡದ ಹಿರಿಯರೆಂದು ದೂರುವುದುಂಟು. 2024ರ ಡಿಸೆಂಬರ್ 3ರ ರಾತ್ರಿ ಅಧ್ಯಕ್ಷ ಯೂನ್ ಸುಕ್-ಯೋಲ್ ಸೇನಾ ಕಾನೂನು ಘೋಷಿಸಿದಾಗ ಮಾತ್ರ ಎರಡೂ ಪೀಳಿಗೆಯವರು ಸಂಸತ್ ಭವನದ ಮುಂದೆ ಒಟ್ಟಿಗೆ ಕಾಣಿಸಿಕೊಂಡರು. ಮುಂದಿನ ವಾರಗಳ ಪ್ರತಿಭಟನೆಗಳಲ್ಲಿ ಎಳೆಯ ಯುವತಿಯರು ತಮ್ಮ ಮೆಚ್ಚಿನ ಗಾಯನ ತಂಡಗಳ ದೀಪದ ಕೋಲುಗಳನ್ನು ಹಿಡಿದು ಬಂದರು.

ಸಾಹಿತ್ಯ, ಚಲನಚಿತ್ರ ಮತ್ತು ಸ್ಮಾರಕಗಳು

2024ರ ನೊಬೆಲ್ ಸಾಹಿತ್ಯ ಪ್ರಶಸ್ತಿ ಪಡೆದ ಹಾನ್ ಕಾಂಗ್ ಗ್ವಾಂಗ್‌ಜುವಿನಲ್ಲಿ ಹುಟ್ಟಿದವರು. ಅವರ 2014ರ ಕಾದಂಬರಿ (ಇಂಗ್ಲಿಷಿನಲ್ಲಿ 'ಹ್ಯೂಮನ್ ಆಕ್ಟ್ಸ್') ಪ್ರಾಂತೀಯ ಕಚೇರಿಯಲ್ಲಿ ಮಡಿದ ಶಾಲಾ ಬಾಲಕನೊಬ್ಬನ ಸುತ್ತ ಹೆಣೆಯಲಾಗಿದೆ. 2017ರಲ್ಲಿ ತೆರೆಕಂಡ 'ಎ ಟ್ಯಾಕ್ಸಿ ಡ್ರೈವರ್' ಹಿಂಟ್ಸ್‌ಪೀಟರ್ ಪ್ರಸಂಗವನ್ನೂ, ಜಾಂಗ್ ಜೂನ್-ಹ್ವಾನ್ ನಿರ್ದೇಶನದ '1987' ಪಾರ್ಕ್ ಜೊಂಗ್-ಚುಲ್ ಮತ್ತು ಲೀ ಹಾನ್-ಯೋಲ್ ಅವರ ಕಥೆಯನ್ನೂ ಹೇಳುತ್ತವೆ.

ನಮ್ಯೊಂಗ್-ಡೊಂಗ್‌ನ ವಿಚಾರಣಾ ಕೇಂದ್ರವನ್ನು ವಿನ್ಯಾಸಗೊಳಿಸಿದವರು ದೇಶದ ಹೆಸರಾಂತ ವಾಸ್ತುಶಿಲ್ಪಿ ಕಿಮ್ ಸೂ-ಗುನ್. ಬಂಧಿಗಳಿಗೆ ಎಷ್ಟನೆಯ ಮಹಡಿಗೆ ಬಂದೆವೆಂಬುದೇ ತಿಳಿಯದಂತೆ ಸುರುಳಿ ಮೆಟ್ಟಿಲು, ಐದನೆಯ ಮಹಡಿಯಲ್ಲಿ ತಲೆ ತೂರಿಸಲೂ ಆಗದ ಕಿರಿದಾದ ಕಿಟಕಿಗಳು ಅಲ್ಲಿವೆ. 1985ರಲ್ಲಿ ಯುವ ಹೋರಾಟಗಾರ ಕಿಮ್ ಗುನ್-ಟೇ ಚಿತ್ರಹಿಂಸೆ ಅನುಭವಿಸಿದ್ದೂ ಇಲ್ಲಿಯೇ. ಈಗ ಈ ಕಟ್ಟಡ ಸ್ಮಾರಕವಾಗಿದೆ. ಪಾರ್ಕ್ ಜೊಂಗ್-ಚುಲ್ ಸತ್ತ 509ನೆಯ ಕೋಣೆಯನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಅವನ ಚಿತಾಭಸ್ಮವನ್ನು ತಂದೆ ಇಮ್ಜಿನ್ ನದಿಯಲ್ಲಿ ಬಿಟ್ಟಿದ್ದರು. ಯೋನ್ಸೆ ವಿಶ್ವವಿದ್ಯಾಲಯಕ್ಕೆ ಸಮೀಪದ ಲೀ ಹಾನ್-ಯೋಲ್ ಸ್ಮಾರಕ ಭವನದಲ್ಲಿ ಜೂನ್ 9ರಂದು ಅವನು ತೊಟ್ಟಿದ್ದ ಬಟ್ಟೆಗಳೂ ಒಂದು ಕಾಲಿನ ಬೂಟೂ ಇವೆ. ಪುಡಿಪುಡಿಯಾಗುತ್ತಿದ್ದ ಆ ಬೂಟಿನ ಅಟ್ಟೆಯನ್ನು 2015ರಲ್ಲಿ ಕಲಾಸಂರಕ್ಷಕರು ಜೋಡಿಸಿ ಉಳಿಸಿದರು. ಅವನ ತಾಯಿ ಬೇ ಉನ್-ಶಿಮ್, ಮಡಿದವರ ಕುಟುಂಬಗಳ ಸಂಘದಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ದುಡಿದು 2022ರ ಜನವರಿಯಲ್ಲಿ ನಿಧನರಾದರು.